ತಂಪು ಕೋಣೆ ತೆರೆಯದ ದಿನ

ಅವನ ಬೆರಳು ಪರದೆಯ ಮೇಲಿನ ಹಸಿರು ಗೆರೆಯ ಜೊತೆ ಕೆಳಗಿಳಿಯುತ್ತಿದೆ, ಉಗುರು ಎಷ್ಟು ಒಪ್ಪವಾಗಿ ಕತ್ತರಿಸಿಕೊಂಡಿದ್ದಾನೆ, ಇಳಿಯಲಿ, ಇಳಿದಷ್ಟೂ ನನಗೆ ಒಳ್ಳೆಯದೇ — ನೋಡಿ, ನಮ್ಮ ನಗರಸಭೆಯ ಇಂಗಾಲದ ಹೊಗೆ ಈ ವರ್ಷ ಹೇಗೆ ತಗ್ಗಿದೆ, ತಂಪು ಕೋಣೆಯ ಕರೆಂಟ್ ಒಂದರಲ್ಲೇ ಅರ್ಧ ಉಳಿತಾಯ — ಚಪ್ಪಾಳೆ, ನಾನೂ ತಟ್ಟುತ್ತೇನೆ, ಹವಾಮಾನ ಅಧಿಕಾರಿಗೆ ಈ ಮುದುಕಿಯದೂ ಎರಡು ಚಪ್ಪಾಳೆ, ಆ ಉಳಿಸಿದ ಅರ್ಧದಲ್ಲಿ ನಮ್ಮಕ್ಕನೂ ಇದ್ದಾಳೆ ಮಹರಾಯ. ಬಿಸಿಲಿಗೆ ಬಳಲಿದವರು ಬಂದು ಕೂರಲೆಂದು ಮಾಡಿದ, ಗ್ರಂಥಾಲಯದ ಕೆಳಗಿನ ಆ ಕೋಣೆಗೆ ಎರಡು ಎ.ಸಿ., ನಲವತ್ತು ಡಿಗ್ರಿ ದಾಟಿದರೆ ಮಾತ್ರ ಬೀಗ ತೆಗೆಯಬೇಕು, ಸುಮ್ಮಸುಮ್ಮನೆ ಕರೆಂಟ್ ಸುಡಬಾರದು, ಒಳ್ಳೆಯ ನಿಯಮವೇ, ಕರಪತ್ರವನ್ನು ನಾನೇ ಅಕ್ಕನಿಗೆ ಓದಿ ಹೇಳಿದ್ದೆ, ಮೂವತ್ತೊಂಬತ್ತಕ್ಕೇ ಸಾಯೋರು ಏನ್ ಮಾಡ್ಬೇಕಂತೆ, ನಾಳೆ ಬನ್ನಿ ಅಂತಾರಾ, ಎಂದು ನಕ್ಕಿದ್ದಳು. ಅವತ್ತು ನಮ್ಮ ಮೂರನೇ ಮಹಡಿಯ ಕಿಟಕಿಯ ನೆರಳಲ್ಲಿ ನನ್ನ ಉಷ್ಣಮಾಪಕ ನಲವತ್ತಮೂರು, ಕಾಲೇಜಿನ ಪ್ರಯೋಗಾಲಯದಲ್ಲಿ ಹುಡುಗಿಯರಿಗೆ ಪಾದರಸವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಲು ಕಲಿಸಿದವಳು ನಾನು, ತಪ್ಪು ಓದಿಲ್ಲ, ನೀನು ಮುಂದೆ ಹೋಗಿರಕ್ಕ, ಹಲ್ಲಿನ ಡಾಕ್ಟರ್ ಹತ್ರ ಹೋಗಿ ನಾಲ್ಕಕ್ಕೆ ಅಲ್ಲಿಗೇ ಬರ್ತೀನಿ ಅಂದೆ, ಹೋದಳು, ನಾಲ್ಕಕ್ಕೆ ಹೋದರೆ ಬೀಗ ಹಾಕಿದ ಬಾಗಿಲಿಗೆ ಒರಗಿ ಮೆಟ್ಟಿಲ ಮೇಲೆ ಕೂತಿದ್ದಾಳೆ, ಬೀಸಿಕೊಳ್ಳಲು ಹಿಡಿದ ಕರಪತ್ರ ಕೈಯಲ್ಲೇ ಇದೆ, ಕೈ ನಿಂತಿದೆ. ನಗರಸಭೆಯ ಲೆಕ್ಕದಲ್ಲಿ ಅಂದು ಮೂವತ್ತೆಂಟು. ಎಂಟು ತಿಂಗಳಿಂದ ಈ ಉಗುರಿನವನನ್ನು ಕಾಯುತ್ತಿದ್ದೇನೆ, ಎದುರು ಸಿಕ್ಕಾಗೆಲ್ಲ ನಮಸ್ಕಾರ ಮಾಡುತ್ತೇನೆ, ಅವನೂ ಪಾಪ ಕೈ ಮುಗಿಯುತ್ತಾನೆ, ನನ್ನ ಹೊಟ್ಟೆಯ ಬೆಂಕಿಯನ್ನು ಅಳೆಯಲು ಅವನ ಹತ್ತಿರ ಮಾಪಕ ಎಲ್ಲಿಂದ ಬರಬೇಕು.

ಬೆಳಿಗ್ಗೆ ಈ ಸಭೆಗೆ ಮುಂಚೆ ನಗರಸಭೆಯ ಹಿತ್ತಲ ತೋಟಕ್ಕೆ ಹೋದೆ, ಅವರ ಮಾಪಕ ಇರುವ ಬಿಳಿಯ ಮರದ ಪೆಟ್ಟಿಗೆ ನೋಡಲು, ತೋಟದವನು ಓಡಿ ಬಂದು, ಆ ಕಲ್ಲು ತಣ್ಣಗೆ ಕೊರೆಯತ್ತೆ ಅಮ್ಮಾ, ಎಂದು ತನ್ನ ಟವೆಲ್ ಮಡಚಿ ಹಾಸಿದ, ನಾನು ಕೂತೆ, ಹಾಯೆನಿಸಿತು, ಅವನೇ ಮಾತು ತೆಗೆದ, ಪಾಪ ಈ ಪೆಟ್ಟಿಗೆ, ಬೇಸಿಗೇಲಿ ಮುಟ್ಟಿದ್ರೆ ಕೈ ಚುರ್ ಅಂತಿತ್ತು, ಒಳಗಿರೋದು ಸೂಕ್ಷ್ಮದ್ದಲ್ವಾ, ಒಡೆದುಹೋದೀತು ಅಂತ ದಿನಾ ಮಧ್ಯಾಹ್ನ ಎರಡು ಕೊಡ ನೀರು ಸುರೀತಿದ್ದೆ, ಯಾರೂ ಹೇಳಿರ್ಲಿಲ್ಲಮ್ಮಾ, ನಂಗೇ ತೋಚ್ತು, ಸಾಹೇಬ್ರು ಕಿಟಕಿಯಿಂದ ಎಷ್ಟಯ್ಯಾ ಅಂತ ಕೂಗೋರು, ನಾನು ನೋಡಿ ಹೇಳೋದು, ಅವರು ಬರ್ಕೊಳ್ಳೋದು — ತೋರಿಸಲು ಒಂದು ಚೊಂಬು ಸುರಿದೇ ಬಿಟ್ಟ, ಬಿಳಿ ಪಟ್ಟಿಗಳ ಸಂದಿಯಿಂದ ನೀರು ತೊಟ್ಟಿಕ್ಕಿತು, ಒಂದೊಂದೇ ಹನಿ, ಒದ್ದೆ ಆರುತ್ತಾ ಪೆಟ್ಟಿಗೆ ತಣ್ಣಗಾಗುತ್ತದೆ, ಹೊರಗಿನ ನಲವತ್ತಮೂರು ಒಳಗೆ ಮೂವತ್ತೆಂಟಾಗುತ್ತದೆ. ಒಳ್ಳೇದಪ್ಪಾ ಅಂದೆ, ಇನ್ನೇನನ್ನಲಿ, ಇಷ್ಟು ದಿನ ಸಾಕಿದ ದ್ವೇಷವನ್ನು ಟವೆಲ್ ಹಾಸಿದವನ ತಲೆಗೆ ಕಟ್ಟಲೇ, ಇಲ್ಲ, ಈ ಉಗುರಿನವನ ತಪ್ಪನ್ನು ಇವನ ಬಾಯಿಂದಲೇ ತೆಗೆಸುತ್ತೇನೆ. ಯಾರಾದರೂ ಏನಾದರೂ ಕೇಳುವುದಿದೆಯೇ ಎನ್ನುತ್ತಿದ್ದಾನೆ, ನನ್ನ ಕೈ ಎದ್ದಿದೆ, ಕೇಳಿ ಅಜ್ಜಿ, ಕೂತೇ ಕೇಳಿ — ಮರ್ಯಾದಸ್ಥ — ಪೆಟ್ಟಿಗೆ ಹತ್ರ ಹೋಗಿ ಡಿಗ್ರಿ ನೋಡ್ತಿದ್ದದ್ದು ಯಾರು ಸರ್, ಖುದ್ದು ನಾನೇ ಅಜ್ಜಿ, ದಿನಾ ಎರಡು ಗಂಟೆಗೆ, ಒಂದಿನಾನೂ ತಪ್ಪಿಸಿಲ್ಲ, ಸಹಿ ಇದೆ ನೋಡಿ, ಹಾಗಾದ್ರೆ ಪೆಟ್ಟಿಗೆ ಒದ್ದೆಯಾಗಿ ನೀರು ಸೋರ್ತಿದ್ದದ್ದು ನೋಡಿರ್ತೀರಲ್ಲ ಸರ್, ದಿನಾ? ಬೆರಳು ಗಾಳಿಯಲ್ಲೇ ನಿಂತಿದೆ, ನೋಡಿದೆ ಅಂದರೆ ಗೊತ್ತಿದ್ದೂ ಬೀಗ ತೆಗೆಸಲಿಲ್ಲ, ನೋಡಿಲ್ಲ ಅಂದರೆ ಸಹಿಯೇ ಸುಳ್ಳು, ಯಾವುದು ಬೇಕೋ ಆರಿಸಿಕೋ ಮಗನೇ, ಸಭೆ ಗುಜುಗುಜು ಅನ್ನುತ್ತಿದೆ, ಅವನ ಹಣೆಯಲ್ಲಿ ಬೆವರು, ಬೆವರಲಿ, ಅಕ್ಕನಿಗೆ ಕೊನೆಗೆ ಬೆವರೂ ಬರಲಿಲ್ಲ ಅಂದಿದ್ದರು ಡಾಕ್ಟರು, ಎಷ್ಟು ಹಿತವಾಗಿದೆ ಇದು, ಎಷ್ಟು — ನಾನೇ ಹಾಕ್ತಿದ್ದದ್ದು ಅಮ್ಮಾ, ಹಿಂದಿನಿಂದ, ಬಾಗಿಲ ಹತ್ತಿರದಿಂದ, ತೋಟದವನು, ಬೆಳಿಗ್ಗೆ ಹೇಳಿದ್ನಲ್ಲ ನಿಮ್ಗೆ, ಯಾಕಮ್ಮಾ, ಅದ್ರಿಂದ ಏನಾಯ್ತು? ಎಲ್ಲರ ತಲೆ ಅವನ ಕಡೆ ತಿರುಗಿದೆ, ಉಗುರಿನವನದು ಎಲ್ಲರಿಗಿಂತ ಮೊದಲು, ನನಗೆ ತಿರುಗಲಾಗುತ್ತಿಲ್ಲ, ಏನಾಯ್ತು ಅಂದರೆ, ಏನಾಯ್ತಪ್ಪಾ ಅಂದರೆ — ಬಿಳಿ ಪಟ್ಟಿಗಳ ಸಂದಿ, ಒಂದು ಹನಿ, ಇನ್ನೊಂದು ಹನಿ, ಇನ್ನೊಂದು