ಗುಲಾಬಿ ತಿನ್ನುವ ಮೈ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಮೂಗನ್ನೇ ನಂಬಿ ಬದುಕುವ ಮನೆಯಲ್ಲಿ ಹುಟ್ಟಿದವಳಿಗೆ ಕೋಪ ಇನ್ನೆಲ್ಲಿ ಕೂರಬೇಕು? ನಮ್ಮದು ಅತ್ತರು ಮಾಡುವ ಮನೆ. ಅಜ್ಜಿಯ ಕಾಲದಿಂದಲೂ ನಾವು ಮಾಡುವುದು ಒಂದೇ ಅತ್ತರು, ಗುಲಾಬಿ ಮತ್ತು ಊದ್ ಬೆರೆಸಿದ್ದು. ಊದ್ ಎಂದರೆ ಅಗರು ಮರದ ತಿರುಳಿನಿಂದ ಇಳಿಸಿದ ಎಣ್ಣೆ. ಹಚ್ಚಿದ ಕೂಡಲೇ ಅದು ಒದ್ದೆ ತೊಗಲಿನ ಹಾಗೆ ಘಾಟು ಹೊಡೆಯುತ್ತದೆ, ಗೊತ್ತಿಲ್ಲದವರು ಮೂಗು ಮುರಿಯುತ್ತಾರೆ. ತಾಳಿದವರಿಗೆ ಅದರೊಳಗಿಂದ ಗುಲಾಬಿ ಮೇಲೇಳುತ್ತದೆ: ಜೇನಿನ ಸಿಹಿಯ, ತುಸು ಮೆಣಸಿನ ಖಾರವೂ ಇರುವ ಕಡುಕೆಂಪು ಗುಲಾಬಿ. ಆ ಗುಲಾಬಿ ಸಂಜೆಯವರೆಗೂ ಮರದ ಕೈ ಬಿಡದೆ ನಿಲ್ಲಬೇಕು. ಅದೇ ನಮ್ಮ ಮನೆಯ ಮರ್ಯಾದೆ. ಸೀಸೆಯ ಮೇಲೆ ಅಚ್ಚು ಹಾಕಿಸಿರುವುದೂ ಅದನ್ನೇ, "ಸಂಜೆಯೂ ಗುಲಾಬಿ" ಎಂದು.

ನಿಂತಿತೋ ಇಲ್ಲವೋ ಎಂದು ತೀರ್ಪು ಹೇಳುವವಳು ಅಮ್ಮ. ಅಣ್ಣ ಭಟ್ಟಿ ಇಳಿಸಿ, ಬೆರೆಸಿ, ಹದಕ್ಕೆ ಬಂತು ಎಂದು ತಂದುಕೊಟ್ಟದ್ದನ್ನು ಅಮ್ಮ ಬೆಳಗಿನ ಸ್ನಾನವಾದ ಮೇಲೆ ಮೊಣಕೈಯ ಒಳಮಡಿಕೆಗೆ ಒಂದು ಹನಿ ಹಚ್ಚಿಕೊಳ್ಳುತ್ತಾಳೆ. ಕಾಗದದ ಪಟ್ಟಿಗೆ ಹಚ್ಚಿ ಮೂಸುವವರನ್ನು ಕಂಡರೆ ಅವಳಿಗೆ ಆಗದು. "ಕಾಗದ ಬೆವರುತ್ತಾ? ಕಾಗದಕ್ಕೆ ಸಿಟ್ಟು ಬರುತ್ತಾ?" ಎನ್ನುತ್ತಾಳೆ. ಹಚ್ಚಿಕೊಂಡ ದಿನ ಅವಳು ಭಟ್ಟಿಮನೆಯ ಕಡೆ ತಲೆ ಹಾಕುವುದಿಲ್ಲ. ಅಲ್ಲಿನ ಗಾಳಿಯಲ್ಲೇ ಗುಲಾಬಿ ತುಂಬಿರುತ್ತದೆ, ಮೂಗು ಮೋಸ ಹೋದೀತು. ಪಕ್ಕದ ಬೀದಿಯಲ್ಲಿರುವ ನಮ್ಮ ಮನೆಯಲ್ಲೇ ಇದ್ದು, ಅಡುಗೆ ಮಾಡಿ, ಬಟ್ಟೆ ಮಡಿಸಿ, ಯಾರ ಜೊತೆಗಾದರೂ ಒಂದಿಷ್ಟು ಜಗಳವಾಡಿ, ಸಂಜೆ ಕೈ ಮೂಸುತ್ತಾಳೆ. ಹೂಂ ಅಂದರೆ ಸೀಸೆ ತುಂಬುವುದು. ಉಹೂಂ ಅಂದರೆ ಅಣ್ಣ ತಲೆ ಕೆರೆದುಕೊಂಡು ಮತ್ತೆ ಮೊದಲಿಂದ ಶುರು ಮಾಡುವುದು.

ಈ ವರ್ಷ ಅಮ್ಮ, ತನ್ನ ಮೂಗು ದಣಿದಿದೆ, ಇನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದಳು. ಆ ಕೆಲಸ ನನಗೆ ಬೇಕಿತ್ತು. ಬುದ್ಧಿ ಬಂದಾಗಿನಿಂದ ನಾನು ಆಸೆಪಟ್ಟದ್ದು ಅದೊಂದಕ್ಕೇ. ಮದುವೆಗೆ ಮುಂಚೆ ಅಮ್ಮನ ಜೊತೆ ನಾನೂ ಹಚ್ಚಿಕೊಳ್ಳುತ್ತಿದ್ದೆ. ಸಂಜೆ ಇಬ್ಬರ ಮಾತೂ ಒಂದೇ ಆಗಿರುತ್ತಿತ್ತು. ಮದುವೆಯಾಗಿ ಊರಿನ ಆ ತುದಿಗೆ ಹೋದ ಮೇಲೆ ನನ್ನ ಮೈ ಕೈಕೊಟ್ಟಿತು. ಬೆಳಗ್ಗೆ ಹಚ್ಚಿದ ಗುಲಾಬಿ ಮಧ್ಯಾಹ್ನದ ಊಟದ ಹೊತ್ತಿಗೆ ಮಾಯ, ಉಳಿಯುವುದು ಬರೀ ಮರ. ಅದೇ ಅತ್ತರು ಅತ್ತಿಗೆಯ ಕೈಯಲ್ಲಿ ಸಂಜೆಯಾದರೂ ಘಮಘಮ.

"ನಿಂದು ಗುಲಾಬಿ ತಿನ್ನೋ ಮೈ," ಅಂದ ಅಣ್ಣ.

"ಮೊದಲು ತಿಂತಿರಲಿಲ್ಲವಲ್ಲ?"

"ಮೊದಲು ನಿನಗೆ ಬಸ್ ಡ್ರೈವರ್ ಗಂಡ ಇರಲಿಲ್ಲ. ಡೀಸೆಲ್ ಜೊತೆ ಗುಲಾಬಿ ಸಂಸಾರ ಮಾಡುತ್ತಾ?"

ಎಲ್ಲರೂ ನಕ್ಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ನನ್ನ ಗಂಡನ ಕಥೆ. ಅಂದಿನಿಂದ ತವರಿನಲ್ಲಿ ಅವನಿಗೆ "ಡೀಸೆಲ್ ಅಳಿಯ" ಎಂಬ ಹೆಸರೇ ಬಿತ್ತು. ಪಾಪದ ಮನುಷ್ಯ, ಕೆಲಸದ ಅಂಗಿಯನ್ನು ಬಾಲ್ಕನಿಯಲ್ಲೇ ಕಳಚಿ, ಚರ್ಮ ಕಿತ್ತುಬರುವ ಹಾಗೆ ಉಜ್ಜಿಕೊಂಡು ಒಳಗೆ ಬರತೊಡಗಿದ. ನಾನು ಅತ್ತರು ಹಚ್ಚಿದ ಸಂಜೆ ನನ್ನ ಕೈ ಮೂಸಿ, "ಚೆನ್ನಾಗಿದೆ ಕಣೇ, ಬಡಗಿ ಅಂಗಡಿ ಥರ," ಎನ್ನುತ್ತಿದ್ದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೇ ನನ್ನ ದುರದೃಷ್ಟ ಅಂದುಕೊಂಡಿದ್ದೆ.

ನಾನು ಹಿಡಿದ ಹಠ ಬಿಡುವವಳಲ್ಲ. ಕೈ ಬಿಟ್ಟು ಕತ್ತಿಗೆ ಹಚ್ಚಿ ನೋಡಿದೆ, ಮೊಣಕಾಲ ಹಿಂದೆ ಹಚ್ಚಿ ನೋಡಿದೆ. ಗಂಡನನ್ನು ಹೊರಗಿನ ಕೋಣೆಗೆ ದಬ್ಬಿ ಮಲಗಿದೆ. ಈರುಳ್ಳಿ ಬಿಟ್ಟೆ, ಕಾಫಿ ಬಿಟ್ಟೆ. ಗುಲಾಬಿ ಮಾತ್ರ ಮಧ್ಯಾಹ್ನಕ್ಕೇ ಎದ್ದು ಹೋಗುತ್ತಿತ್ತು, ಕರೆಯದೆ ಬಂದ ನೆಂಟರೂ ಅಷ್ಟು ಬೇಗ ಹೊರಡುವುದಿಲ್ಲ. ಕೊನೆಗೆ ಅಮ್ಮ ಹೇಳಿಬಿಟ್ಟಳು: "ಈ ಸಲದ್ದು ನೀನೂ ಹಚ್ಚು, ನಿನ್ನ ಅತ್ತಿಗೆಯೂ ಹಚ್ಚಲಿ. ನಿನ್ನ ಕೈಲಿ ನಿಲ್ಲದಿದ್ರೆ ಇನ್ನು ಈ ಮಾತು ಬೇಡ. ಹಿಡಿದಿಡೋಕೆ ಆಗದ ಮೈ ತೀರ್ಪು ಹೇಳೋದು ಹೇಗೆ?"

ಹಚ್ಚಿಕೊಂಡೆ. ನಿಲ್ಲಲಿಲ್ಲ. ಸಂಜೆ ತವರಿಗೆ ಹೋದಾಗ ಹಜಾರದಲ್ಲಿ ಅಮ್ಮ, ಅಣ್ಣ, ಅತ್ತಿಗೆ ಮೂವರೂ ಕೂತಿದ್ದರು. ಅಮ್ಮ ನನ್ನ ಕೈ ಮೂಸಿ, ಕೆಳಗಿಟ್ಟು, ಅತ್ತಿಗೆಯ ಕಡೆ ತಿರುಗಿದಳು. ನನಗೆ ರೇಗಿಹೋಯಿತು. "ಎಲ್ಲಿ, ಕೊಡು ಇಲ್ಲಿ," ಎಂದು ಅತ್ತಿಗೆಯ ಕೈ ಎಳೆದುಕೊಂಡು ಮೂಗಿಗೆ ಒತ್ತಿಕೊಂಡೆ. ಗುಲಾಬಿ ಇತ್ತು. ತಿಳಿಯಾಗಿ, ತಣ್ಣಗೆ, ಸಂದೇಹಕ್ಕೆ ಎಡೆಯಿಲ್ಲದ ಹಾಗೆ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಅದಲ್ಲ," ಅಂದಳು ಅತ್ತಿಗೆ. "ಹಚ್ಚಿರೋದು ಈ ಕೈಗೆ. ಅದು ಖಾಲಿ ಕೈ."

ನಾನು ಮತ್ತೊಮ್ಮೆ ಮೂಸಿದೆ. ಖಾಲಿ ಕೈ. ಗುಲಾಬಿ. ಅಮ್ಮನ ಖಾಲಿ ಕೈ ಹಿಡಿದು ಮೂಸಿದೆ, ಗುಲಾಬಿ. ಅಣ್ಣನ ಭುಜ ಮೂಸಿದೆ. ಅವನು "ಏ, ಹುಚ್ಚು ಹಿಡೀತಾ?" ಎಂದು ಹಿಂದೆ ಸರಿದ. ಅವನ ಅಂಗಿಯಲ್ಲೂ ಅದೇ. ಹುಟ್ಟಿದಾಗಿನಿಂದ ಆ ವಾಸನೆ ನನಗೆ ಗೊತ್ತು. ಅದು ಅಮ್ಮನ ವಾಸನೆ ಎಂದುಕೊಂಡಿದ್ದೆ.

ನೇರ ಬಚ್ಚಲಿಗೆ ಹೋದೆ. ಮೂಲೆಯಲ್ಲಿ ಎಂದಿನಂತೆ ನೀಲಿ ಡ್ರಮ್ಮು ನಿಂತಿತ್ತು. ಗುಲಾಬಿ ಭಟ್ಟಿ ಇಳಿಸಿದಾಗ ಎಣ್ಣೆ ಮೇಲೆ ತೇಲುತ್ತದೆ, ಅಡಿಯಲ್ಲಿ ಉಳಿಯುವುದು ಹೂನೀರು. ಚೆಲ್ಲುವುದುಂಟೇ? ಅಜ್ಜಿಯ ಕಾಲದಿಂದ ಅದು ಡ್ರಮ್ಮುಗಟ್ಟಲೆ ಮನೆಗೆ ಬರುತ್ತದೆ. ಸ್ನಾನದ ಕೊನೆಯ ಚೊಂಬು ಅದೇ, ಬಟ್ಟೆಯ ಕೊನೆಯ ಜಾಲು ಅದೇ, ನೆಲ ಒರೆಸುವುದೂ ಅದರಲ್ಲೇ. ನಮಗದು ಬರೀ ನೀರಾಗಿತ್ತು. ಗಾಳಿಗೆ ಹೆದರಿ ಭಟ್ಟಿಮನೆಯಿಂದ ದೂರ ಕೂತು ತೀರ್ಪು ಹೇಳುತ್ತಿದ್ದ ಮನೆ, ದಿನಾ ಬೆಳಗ್ಗೆ ಗುಲಾಬಿಯಲ್ಲಿ ಮಿಂದು ಬಂದು ಗುಲಾಬಿ ನಿಂತಿದೆ ಅನ್ನುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಊರವರನ್ನು ಆಡಿಕೊಳ್ಳುವವರು ನಾವು! ನನ್ನ ಮನೆಯಲ್ಲಿ ಬರುವುದು ನಲ್ಲಿ ನೀರು. ನನ್ನ ಮೈ ಏನನ್ನೂ ತಿಂದಿರಲಿಲ್ಲ.

ಹೊರಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೆಲ್ಲಗೆ ಹೇಳಿದೆ ಅಂದರೆ ಸುಳ್ಳಾಗುತ್ತದೆ, ಕೂಗಿದೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಅಂದ ಅಣ್ಣ. ಆದರೆ ಅವನ ದನಿಯಲ್ಲಿ ಕಸುವಿರಲಿಲ್ಲ. "ಇಷ್ಟು ವರ್ಷ ಕೊಂಡವರು ಯಾರೂ ದೂರಿಲ್ಲವಲ್ಲ?"

"ಅವರಿಗೆ ಮರದ ವಾಸನೆ ಇಷ್ಟ ಆಗಿರಬಹುದು. ನಾವು ಸೀಸೆ ಮೇಲೆ ಹಾಕಿಸಿರೋದು ಗುಲಾಬಿ ಅಂತ."

"ಹಾಗಾದ್ರೆ ಅಮ್ಮ ಇಷ್ಟು ದಿನ ಹೇಳಿದ್ದೆಲ್ಲ ತಪ್ಪು ಅಂತೀಯಾ?"

ಅಲ್ಲಿಯವರೆಗೆ ಅದು ನನಗೆ ಹೊಳೆದಿರಲಿಲ್ಲ. ನಾನು ಗೆಲ್ಲುವುದನ್ನಷ್ಟೇ ನೋಡಿದ್ದೆ, ಸೋಲುವವರು ಯಾರು ಎಂದು ನೋಡಿರಲಿಲ್ಲ. ಅಮ್ಮ ತನ್ನ ಖಾಲಿ ಕೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕೂತಿದ್ದಳು. ಊದ್ ಇಲ್ಲದ ಕೈಯಲ್ಲಿ ಆ ಗುಲಾಬಿ ಅವಳಿಗೆ ತನ್ನದೇ ಮೈವಾಸನೆ, ಅದೇ ತೊಂದರೆ.

"ಈ ಸಲದ್ದು ಹಾಗೇ ಇರಲಿ. ಒಂದು ಸೀಸೆಗೂ ತುಂಬಬೇಡ," ಎಂದು ಅಣ್ಣನಿಗೆ ಹೇಳಿ ಎದ್ದು ಒಳಗೆ ಹೋದಳು.

ಮರುದಿನ ಬೆಳಗ್ಗೆ ನಮ್ಮ ಮನೆಯ ಬಾಗಿಲು ಬಡಿದರು. ಅಮ್ಮ ನಿಂತಿದ್ದಳು. ಕೈಯಲ್ಲಿ ಚೀಲವಿರಲಿಲ್ಲ, ಬರೀ ಈ ಸಲದ ಅತ್ತರಿನ ಒಂದು ಪುಟ್ಟ ಸೀಸೆ. "ನಿನ್ನ ಬಟ್ಟೆ ಕೊಡು. ನಂದೆಲ್ಲ ಹೂನೀರಲ್ಲಿ ಜಾಲಿಸಿದ್ದು," ಅಂದಳು. "ಮೈ ಪೂರ್ತಿ ಸಪ್ಪೆ ಆಗೋವರೆಗೆ ಇಲ್ಲೇ ಇರ್ತೀನಿ."

ನನ್ನ ಉದ್ದ ತೋಳಿನ ಅಂಗಿ ತೊಟ್ಟು, ನಮ್ಮ ಎರಡು ಕೋಣೆಯ ಮನೆಯಲ್ಲಿ ಅಮ್ಮ ಉಳಿದಳು. ನಮ್ಮ ಸೋಪು ಅವಳಿಗೆ ಹಿಡಿಸಲಿಲ್ಲ. "ಇದು ಮೈಗೆ ಹಾಕೋದಾ, ಪಾತ್ರೆಗಾ?" ಎಂದು ಗೊಣಗುತ್ತಲೇ ಎರಡು ಹೊತ್ತೂ ಉಜ್ಜಿಕೊಂಡಳು. ಅತ್ತೆ ಬಂದಿದ್ದಾರೆ ಎಂದು ನನ್ನ ಗಂಡ ಬಾಲ್ಕನಿಯಿಂದ ಒಳಗೆ ಕಾಲಿಡಲೂ ಅಂಜುತ್ತಿದ್ದ. ಒಂದು ಸಂಜೆ ಅಮ್ಮನೇ ಹೋಗಿ ಅವನ ಕೆಲಸದ ಅಂಗಿಯನ್ನು ತಂದು ಒಳಗಿನ ಮೊಳೆಗೆ ನೇತುಹಾಕಿದಳು. "ಇದರಲ್ಲಿ ಯಾವ ತಪ್ಪೂ ಇಲ್ಲಪ್ಪ," ಅಂದಳು. ಅವನು ಊಟದ ತಟ್ಟೆ ನೋಡುತ್ತಾ ತಲೆಯಾಡಿಸಿದ.

ಮೈ ಸಪ್ಪೆಯಾಯಿತು ಎಂದು ಅವಳಿಗೆ ಅನ್ನಿಸಿದ ದಿನ, ಬೆಳಗ್ಗೆ ಕಿಟಕಿಯ ಹತ್ತಿರ ನಿಂತು ಕೈ ಮೂಸಿಕೊಂಡಳು. "ಏನೂ ಇಲ್ಲ ಕಣೇ," ಅಂದಳು. "ಯಾರದೋ ಕೈ ಮೂಸಿದ ಹಾಗಿದೆ." ಆಮೇಲೆ ಸೀಸೆ ತೆರೆದು ಒಂದು ಹನಿ ಹಚ್ಚಿಕೊಂಡಳು. ಕೋಣೆಯ ತುಂಬ ಮೊದಲು ತೊಗಲು ಬಂತು, ಆಮೇಲೆ ಗುಲಾಬಿ ಬಂತು. ಇಷ್ಟು ವರ್ಷ ಮೂಸಿದ್ದೇನೆ, ಆದರೂ ಆ ಗುಲಾಬಿ ಬಂದಾಗ ನನ್ನ ಮೈ ಜುಮ್ಮೆನ್ನುತ್ತದೆ. ಅಂದೂ ಜುಮ್ಮೆಂದಿತು.

ಸಂಜೆಯವರೆಗೆ ಹತ್ತಿರ ಬರಕೂಡದು ಎಂದು ನನಗೆ ಅಪ್ಪಣೆಯಾಯಿತು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಅವಳು ಬೆವರು ಒರೆಸುವ ನೆಪದಲ್ಲಿ ಕೈ ಮೂಸುತ್ತಿದ್ದಳು, ಕೂದಲು ಸರಿಮಾಡುವ ನೆಪದಲ್ಲಿ ಮೂಸುತ್ತಿದ್ದಳು. ಊಟ ಮಾಡುವಾಗ ಉಪ್ಪು ಹೆಚ್ಚೆಂದೂ ಹೇಳಲಿಲ್ಲ, ಕಡಿಮೆಯೆಂದೂ ಹೇಳಲಿಲ್ಲ. ಮಧ್ಯಾಹ್ನ ಮಡಿಸಿದ್ದ ಹೊದಿಕೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. ನಿಲ್ಲಲಪ್ಪಾ, ಈ ಒಂದು ಸಲ ಅವಳ ಕೈಯಲ್ಲಾದರೂ ನಿಲ್ಲಲಿ, ನನ್ನ ಮೈಯೇ ಕೆಟ್ಟದ್ದಾಗಲಿ ಎಂದು ನಿಜವಾಗಿ ಬೇಡಿಕೊಂಡೆ. ಆದರೆ ಹೋಗಿ ತಡೆಯಲಿಲ್ಲ. ಬೇಡ ಬಿಡಮ್ಮ ಎಂಬ ಮಾತು ನಾಲಿಗೆಯವರೆಗೆ ಬಂದದ್ದನ್ನು ನುಂಗಿಕೊಂಡೆ.

ಸಂಜೆ ಅಣ್ಣ, ಅತ್ತಿಗೆ ಬಂದರು. ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಣ್ಣ ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತ. ಎಲ್ಲರ ಕಣ್ಣೂ ಅಮ್ಮನ ಮೇಲೆ. ಅವಳು ತೋಳು ಮೇಲಕ್ಕೆ ಮಡಿಸಿ ಕೈ ಚಾಚಿದಳು. ತನ್ನ ಮೂಗಿಗಲ್ಲ, ನನ್ನ ಕಡೆಗೆ.

"ಹೇಳು," ಅಂದಳು.

ನಾನು ಮೂಸಿದೆ. ಮರ ಇತ್ತು. ಹೊಗೆ ಇತ್ತು, ಹಳೆಯ ಪೆಟ್ಟಿಗೆಯೊಳಗಿನಂಥ ಸಿಹಿ ಇತ್ತು. ಅಣ್ಣ ಇಳಿಸಿದ ಊದ್ ನಿಜಕ್ಕೂ ಒಳ್ಳೆಯದು. ಗುಲಾಬಿ ಎಳ್ಳಷ್ಟೂ ಇರಲಿಲ್ಲ.

"ಇಲ್ಲಮ್ಮ," ಅಂದೆ. ಅವಳ ಮುಖ ಬಾಡಿದ್ದು ಕಂಡು ಸೇರಿಸಿದೆ: "ಈಗಷ್ಟೇ ಹೋಗಿರಬೇಕು."

"ಈಗಷ್ಟೇ?" ಅಮ್ಮನ ಕಣ್ಣು ಚುರುಕಾಯಿತು. "ಅಳಿಯಂದ್ರು ಬೆಳಗ್ಗೆ ಮೆಟ್ಟಿಲು ಇಳಿಯೋವಾಗಲೇ ತೆಳ್ಳಗಾಗಿತ್ತು. ಊಟದ ಹೊತ್ತಿಗೆ ಸತ್ತೇ ಹೋಯ್ತು. ಅದು ನಿನಗೂ ಗೊತ್ತು. ತೀರ್ಪು ಹೇಳೋವಾಗ ಮಗಳಾಗಬೇಡ. ಇನ್ನೊಂದ್ಸಲ ಹೇಳು."

ಅವಳ ಕೈ ಬಿಟ್ಟು ಹೇಳಿದೆ.

"ಗುಲಾಬಿ ಮಧ್ಯಾಹ್ನಕ್ಕೇ ಹೋಗಿದೆ. ಇದನ್ನ ತುಂಬಬಾರದು."

ಅಣ್ಣ ರೂಢಿಯಂತೆ ಅಮ್ಮನ ಕಡೆ ತಿರುಗಿ, ಅವಳ ಹೂಂ ಅಥವಾ ಉಹೂಂಗಾಗಿ ಕಾದ.

"ನನ್ನ ಮುಖ ಯಾಕೆ ನೋಡ್ತೀಯಾ?" ಅಂದಳು ಅಮ್ಮ. "ಹೇಳಿದ್ದು ಕೇಳಿಸಲಿಲ್ವಾ?"

ಅವಳು ತೋಳು ಇಳಿಸಿ ಮುಂಗೈಯ ಗುಂಡಿ ಹಾಕಿಕೊಳ್ಳಲು ಹೊರಟಳು. ಗುಂಡಿ ತೂತಿಗೆ ಸಿಗುತ್ತಿರಲಿಲ್ಲ. ನಾನು ಹಾಕಿಕೊಡಲು ಹೋಗಲಿಲ್ಲ.