ಅಕ್ಕನ ಸೈಕಲ್ಲಿನ ಡಬ್ಬಿ

ನನ್ನ ಕಸುಬು ಸುಟ್ಟ ಮೋಟಾರಿಗೆ ಮತ್ತೆ ತಂತಿ ಸುತ್ತುವುದು. ಇಪ್ಪತ್ತೇಳು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ನೀರಿನ ಪಂಪು, ಹಿಟ್ಟಿನ ಗಿರಣಿ, ಫ್ಯಾನು, ಏನೇ ತನ್ನಿ, ಮೂಸಿ ನೋಡಿಯೇ ಎಲ್ಲಿ ಸುಟ್ಟಿದೆ ಎಂದು ಹೇಳಬಲ್ಲೆ. ಜಂಬ ಎಂದುಕೊಂಡರೆ ಎಂದುಕೊಳ್ಳಿ. ಈ ಜಂಬಕ್ಕೆ ಆದ ಶಾಸ್ತಿಯನ್ನೇ ಈಗ ಹೇಳಹೊರಟಿದ್ದೇನೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನನಗೆ ಐವತ್ತು ಹತ್ತಿರ ಬಂದರೂ ಅವಳ ಬಾಯಲ್ಲಿ ನಾನು ಪುಟ್ಟನೇ. ಅವಳು ನಮ್ಮ ಬೀದಿಯ ಕೊನೆಯಲ್ಲಿರುವ ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು, ಚುಚ್ಚುಮದ್ದು ಕೊಡುವುದು, ಮಗ್ಗುಲು ಹೊರಳಿಸುವುದು ಅವಳ ಕೆಲಸ. ಅಂಥ ಹನ್ನೊಂದು ಮನೆಗಳು ಮೇಲ್ಬೀದಿಯಲ್ಲಿವೆ. ಅಲ್ಲಿಗೆ ಹೋಗುವ ದಾರಿ ಕಡಿದಾದ ಏರು, ಮೇಲಾಗಿ ಕಿರಿದು. ಆಸ್ಪತ್ರೆಯ ವ್ಯಾನು ತೂರುವುದಿಲ್ಲ. ಅಕ್ಕ ಹತ್ತೊಂಬತ್ತು ವರ್ಷ ಆ ಏರನ್ನು ಸೈಕಲ್ಲಿನಲ್ಲೇ ಹತ್ತಿದಳು. ಈ ವರ್ಷ ಮೊಣಕಾಲು ಕೈಕೊಟ್ಟಿತು.

"ಸಾಕು ಬಿಡಕ್ಕಾ" ಎಂದರು ಸಹೋದ್ಯೋಗಿಗಳು. "ಬಿಡೇ, ವಯಸ್ಸಾಯ್ತು" ಎಂದಳು ಅವಳ ಗೆಳತಿ. ದೊಡ್ಡ ಡಾಕ್ಟರಮ್ಮ ಒಳ್ಳೆಯವರು, ಆದರೆ ಮಾತು ಕತ್ತರಿಸಿದ ಹಾಗೆ. "ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನೇ ಮೇಲ್ಬೀದಿಲಿ ಇರ್ತೀನಿ. ನೀವು ಯಾರ ಸಹಾಯನೂ ಇಲ್ದೆ ಬಂದ್ರೆ ಆ ಮನೆಗಳು ನಿಮ್ಮವು. ಇಲ್ಲಾಂದ್ರೆ ಸೋಮವಾರದಿಂದ ಚೀಟಿ ಕೊಡೋ ಕೌಂಟರಲ್ಲಿ ಕೂತ್ಕೊಳಿ" ಎಂದುಬಿಟ್ಟರು.

ಕೌಂಟರಿನ ಕುರ್ಚಿ ಮೆತ್ತಗಿದೆ, ತಲೆಯ ಮೇಲೆ ಫ್ಯಾನೂ ಇದೆ. ಆದರೆ ಅಕ್ಕ ಆ ಸಂಜೆ ನಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, "ನಾನು ಹೋಗ್ದಿದ್ರೆ ಮೇಲ್ಬೀದಿಲಿ ಹಾಸಿಗೆ ಹಿಡಿದಿರೋ ಆ ಮೇಷ್ಟ್ರು ಯಾರ ಕೈಲೂ ಬೆನ್ನಿನ ಹುಣ್ಣು ಮುಟ್ಟಿಸ್ಕೊಳಲ್ಲ ಕಣೋ ಪುಟ್ಟ" ಎಂದು ಅತ್ತಳು. ಅವಳು ಅಳುವುದನ್ನು ನಾನು ಅಷ್ಟಾಗಿ ಕಂಡವನಲ್ಲ.

"ನಿನ್ನ ಸೈಕಲ್ಲಿಗೆ ಮೋಟಾರು ಕೂರಿಸ್ತೀನಿ, ಸುಮ್ನಿರು" ಎಂದೆ.

ಮೋಟಾರು ಇತ್ತು. ಯಾವುದೋ ಹಳೆಯ ಗಾಲಿಕುರ್ಚಿಯದು, ಗುಜರಿಯವನು ತಂದುಕೊಟ್ಟದ್ದು. ಹೊಸ ತಂತಿ ಸುತ್ತಿ, ಚೈನು ಹಾಕಿ ಹಿಂದಿನ ಚಕ್ರಕ್ಕೆ ಜೋಡಿಸಿದೆ. ತೊಡಕಿದ್ದದ್ದು ಕಂಟ್ರೋಲರಿನದು. ಬ್ಯಾಟರಿಯನ್ನು ನೇರವಾಗಿ ಮೋಟಾರಿಗೆ ಕೊಟ್ಟರೆ ಸೈಕಲ್ಲು ಗೂಳಿಯ ಹಾಗೆ ನುಗ್ಗುತ್ತದೆ. ಹಿಡಿಕೆ ಎಷ್ಟು ತಿರುಗಿಸಿದರೆ ಅಷ್ಟೇ ಕರೆಂಟು ಹೋಗಬೇಕು. ಅದಕ್ಕೆ ಮಾಸ್‌ಫೆಟ್ ಎಂಬ ಮೂರು ಕಾಲಿನ ಕರಿ ಬಿಲ್ಲೆಗಳಿವೆ. ಅವು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಹಚ್ಚಿ ಆರಿಸುತ್ತವೆ. ಹಚ್ಚಿದ ಹೊತ್ತು ಹೆಚ್ಚಾದಷ್ಟೂ ಓಟ ಹೆಚ್ಚು. ಅಂಥ ನಾಲ್ಕು ಬಿಲ್ಲೆಗಳನ್ನು ಸಮಾಂತರವಾಗಿ ಬೆಸೆದೆ. ಬಿಸಿ ಹೀರಲು ದಪ್ಪ ಲೋಹ ಬೇಕಿತ್ತು. ಅಡುಗೆಮನೆಯಲ್ಲಿ ಒಂದು ಅಲ್ಯೂಮಿನಿಯಂ ಊಟದ ಡಬ್ಬಿ ಕಂಡಿತು.

"ರೀ, ಅದು ನನ್ನ ಡಬ್ಬಿ" ಎಂದಳು ಹೆಂಡತಿ. ಅವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವಳ ಕಣ್ಣು ಸೂಜಿಯ ಮೇಲಿದ್ದರೂ ಕಿವಿ ಮನೆಯೆಲ್ಲ ಇರುತ್ತದೆ.

"ನಿನ್ನತ್ತಿಗೆಗೋಸ್ಕರ."

"ಅತ್ತಿಗೆಗಾದ್ರೆ ತಗೊಳಿ. ನಿಮ್ಮ ಜಂಬಕ್ಕಾದ್ರೆ ಕೊಡಲ್ಲ."

ಬುಧವಾರ ಬೆಳಿಗ್ಗೆ ಮೊದಲ ಪರೀಕ್ಷೆ. ಮಟ್ಟಸ ಬೀದಿಯಲ್ಲಿ ಸೈಕಲ್ಲು ಬೆಣ್ಣೆಯಂತೆ ಹೋಯಿತು. ಬ್ರೆಡ್ಡಿನಂಗಡಿಯವನು ಹೊರಗೆ ಬಂದು ಚಪ್ಪಾಳೆ ತಟ್ಟಿದ. ನಾನು ಕಾಲರ್ ಸರಿಮಾಡಿಕೊಂಡೆ. "ಏರಿಗೆ ಹೋಗೋಣ" ಎಂದೆ.

ಏರಿನ ಬುಡದಲ್ಲಿ ಅಕ್ಕ ನಿಂತಲ್ಲಿಂದಲೇ ಹಿಡಿಕೆ ತಿರುಗಿಸಿದಳು. ಸೈಕಲ್ಲು ಒಂದು ಮಾರು ಹತ್ತಿ ಮುಕ್ಕಿರಿಯತೊಡಗಿತು. ನನ್ನ ಮೂಗಿಗೆ ವಾಸನೆ ಬಡಿಯಿತು. ಇಪ್ಪತ್ತೇಳು ವರ್ಷದ ಮೂಗು, ತಪ್ಪುವುದಿಲ್ಲ. ಹಿಡಿಕೆಯನ್ನು ಬಿಟ್ಟುಬಿಡಲಿ ಎಂದು ಕೂಗಿದೆ: "ಅಕ್ಕಾ, ಬಿಡು! ಬಿಡು ಬಿಡು!"

ಅಕ್ಕ ಹಿಡಿಕೆಯನ್ನು ಪೂರ್ತಿ ತಿರುಗಿಸಿದಳು.

ಟಪ್ ಎಂದಿತು ಬಿಲ್ಲೆಗಳನ್ನು ಕೂರಿಸಿದ್ದ ಡಬ್ಬಿ. ಈ ಬಿಲ್ಲೆಗಳಿಗೆ ಒಂದು ಕೆಟ್ಟ ಗುಣವಿದೆ: ಸಾಯುವಾಗ ಬಾಗಿಲು ಹಾಕಿಕೊಂಡು ಸಾಯುವುದಿಲ್ಲ, ಬಾಗಿಲು ಪೂರ್ತಿ ತೆರೆದಿಟ್ಟು ಸಾಯುತ್ತವೆ. ಇಡೀ ಬ್ಯಾಟರಿ ಮೋಟಾರಿಗೆ ಸುರಿಯಿತು. ಅಕ್ಕ ಬ್ರೇಕು ಹಿಡಿದರೂ ಸೈಕಲ್ಲು ಕೇಳದೆ ಅವಳನ್ನು ಓರೆಯಾಗಿ ಎಳೆದೊಯ್ದು ಒಂದು ಮನೆಯ ಬೇಲಿಗೆ ಹೊಡೆಯಿತು. ನಾನು ಓಡಿಹೋಗಿ ಬ್ಯಾಟರಿಯ ತಂತಿ ಕಿತ್ತೆ.

ಮನೆಗೆ ಬಂದು ಅವಳು ತನ್ನ ಮೊಣಕೈಗೆ ತಾನೇ ಪಟ್ಟಿ ಕಟ್ಟಿಕೊಂಡಳು. ಹೆಂಡತಿ ಹತ್ತಿ ಹಿಡಿದುಕೊಂಡಿದ್ದಳು. ನಾನು, ಬುದ್ಧಿಗೇಡಿ, ಸುಮ್ಮನಿರುವುದು ಬಿಟ್ಟು ರೇಗಿದೆ.

"ಬಿಡು ಬಿಡು ಅಂತ ಗಂಟಲು ಹರ್ಕೊಂಡ್ರೆ ಇನ್ನೂ ತಿರುಗಿಸ್ತೀಯಲ್ಲ! ಕಿವಿ ಕೇಳಲ್ವಾ?"

"ಕೇಳಿಸ್ತು" ಎಂದಳು. "ಗಾಡಿ ಬಿಡು ಅಂತಿದೀಯ ಅಂದ್ಕೊಂಡೆ."

"ಹಿಡಿಕೆ ಬಿಡು ಅಂದದ್ದು ನಾನು!"

ಅಕ್ಕ ಪಟ್ಟಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ಗಂಟು ಹಾಕಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಆರು ತಿಂಗಳಿಂದ ಎಲ್ರೂ ನಂಗೆ ಬಿಡು ಬಿಡು ಅಂತಾನೇ ಇದಾರೆ ಪುಟ್ಟ. ನೀನೊಬ್ಬನಾದ್ರೂ ಗಾಡಿ ಬಿಡು ಅಂತಿದೀಯಲ್ಲ ಅಂತ ಖುಷಿಯಾಯ್ತು. ಅದಕ್ಕೇ ಪೂರ್ತಿ ತಿರುಗಿಸ್ದೆ."

ಎದ್ದು ಅಂಗಡಿಗೆ ಹೋದೆ. ತಪ್ಪು ಅವಳದಲ್ಲ, ಮಾತಿನದೂ ಅಲ್ಲ, ನನ್ನದು. ಅಲುಗಾಡಲಾಗದೆ ನಿಂತ ಮೋಟಾರು ಕುಡಿಯುವಷ್ಟು ಕರೆಂಟನ್ನು ಓಡುವ ಮೋಟಾರು ಕುಡಿಯುವುದಿಲ್ಲ. ಇದನ್ನು ನಾನೇ ಗಿರಾಕಿಗಳಿಗೆ ದಿನಬೆಳಗಾದರೆ ಬೋಧಿಸುತ್ತೇನೆ. ಆದರೂ ಕರೆಂಟಿಗೆ ಒಂದು ಮಿತಿ ಹಾಕುವ ಭಾಗವನ್ನು, ನಾಲ್ಕು ಬಿಲ್ಲೆ ಇವೆಯಲ್ಲ ಸಾಕು ಎಂದು ಕೈಬಿಟ್ಟಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ.

ಗುರುವಾರ ಪೂರ್ತಿ ಕೂತು, ಸತ್ತ ಬಿಲ್ಲೆಗಳ ಜಾಗಕ್ಕೆ ಹೊಸವನ್ನು ಬೆಸೆದೆ. ಮೋಟಾರಿನ ದಾರಿಯಲ್ಲಿ ಒಂದು ದಪ್ಪ ತಂತಿಯ ತುಂಡು ಇಟ್ಟು, ಅದರಲ್ಲಿ ಹರಿಯುವ ಕರೆಂಟನ್ನು ಅಳೆದು, ಮಿತಿ ಮುಟ್ಟಿದೊಡನೆ ತಾನೇ ತಗ್ಗಿಸುವಂತೆ ಮಾಡಿದೆ. ಅಕ್ಕ ಎಷ್ಟೇ ತಿರುಗಿಸಲಿ, ಡಬ್ಬಿ ತನ್ನ ಶಕ್ತಿಗೆ ಮೀರಿ ಕೊಡುವುದಿಲ್ಲ. ಬ್ರೇಕಿನ ಹಿಡಿಗೆ ಬೇರೆಯೇ ಒಂದು ಸ್ವಿಚ್ಚು ಹಾಕಿದೆ. ಬ್ರೇಕು ಹಿಡಿದರೆ ಬಿಲ್ಲೆಗಳು ಬದುಕಿರಲಿ ಸತ್ತಿರಲಿ, ಬ್ಯಾಟರಿಯ ನಂಟೇ ಕಡಿದುಹೋಗುತ್ತದೆ.

ಹೆಂಡತಿ ಬಂದು ಇಣುಕಿದಳು. "ದಪ್ಪ ಬಟ್ಟೆ ಬಂದ್ರೆ ನಾನು ಒಂದೇ ಸಲ ಪೆಡಲ್ ಒತ್ತಲ್ಲ. ಮೊದ್ಲು ಚಕ್ರನ ಕೈಯಲ್ಲಿ ಒಂದು ಸುತ್ತು ತಿರುಗಿಸ್ತೀನಿ. ಅತ್ತಿಗೆನೂ ಅರ್ಧ ಪೆಡಲ್ ತುಳಿದು ಆಮೇಲೆ ತಿರುಗಿಸ್ಲಿ."

ಇದು ನನಗೆ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. "ಯೋಚ್ನೆ ಮಾಡಿದ್ದೆ" ಎಂದೆ.

"ಮಾಡಿದ್ರಿ, ಮಾಡಿದ್ರಿ" ಎಂದು ನಗುತ್ತ ಹೋದಳು.

ಶುಕ್ರವಾರ ಮಟ್ಟಸ ಬೀದಿಯಲ್ಲಿ, ಗೋಡೆಗೆ ಚಕ್ರ ಒತ್ತಿ ಹಿಡಿದು, ಮತ್ತೆ ಮತ್ತೆ ಪರೀಕ್ಷಿಸಿದೆವು. ಡಬ್ಬಿ ಬಿಸಿಯಾಯಿತು, ಸಾಯಲಿಲ್ಲ. ಏರಿಗೆ ಮಾತ್ರ ಕರೆದೊಯ್ಯಲು ನನಗೆ ಧೈರ್ಯ ಬರಲಿಲ್ಲ. ಒಂದು ಕರಾರೂ ಆಯಿತು: ನಿಲ್ಲಿಸಬೇಕಾದರೆ 'ಸಾಕು' ಎನ್ನಬೇಕು. 'ಬಿಡು' ಎಂಬ ಮಾತನ್ನು ಸೈಕಲ್ಲಿನ ಹತ್ತಿರ ಯಾರೂ ಎತ್ತಕೂಡದು.

ಶನಿವಾರ ಏಳೂವರೆಗೆ ಏರಿನ ಬುಡದಲ್ಲಿ ನಿಂತೆವು. ಅಕ್ಕ ಅರ್ಧ ಪೆಡಲ್ ತುಳಿದು ಹಿಡಿಕೆ ತಿರುಗಿಸಿದಳು. ಹತ್ತಿತು. ಅವಸರವಿಲ್ಲದೆ, ಸಣ್ಣಗೆ ಗುನುಗುತ್ತ ಹತ್ತಿತು. ನಾನು ಹಿಂದೆ ಏದುಸಿರು ಬಿಡುತ್ತ ನಡೆದೆ.

ಅರ್ಧ ದಾರಿಯ ತಿರುವಿನಲ್ಲಿ, ಯಾರೋ ಮನೆ ಬದಲಾಯಿಸುವವರು ಒಂದು ಬೀರುವನ್ನು ಬೀದಿಗಡ್ಡ ಇಟ್ಟು ಬೆವರೊರೆಸಿಕೊಳ್ಳುತ್ತಿದ್ದರು. ಅಕ್ಕ ಬ್ರೇಕು ಹಿಡಿದಳು. ಸೈಕಲ್ಲು ಏರಿನ ನಡುಮಧ್ಯೆ ನಿಂತಿತು. ಅವರು ಬೀರುವನ್ನು ಪಕ್ಕಕ್ಕೆ ಸರಿಸಿದರು, ಆದರೆ ಆಗಬಾರದ್ದು ಆಗಿತ್ತು. ಅಲ್ಲಿ ನಿಂತಲ್ಲಿಂದ ಹೊರಡಬೇಕು, ಬುಡದಲ್ಲಿ ತುಳಿದಂತೆ ಈ ಏರಿನಲ್ಲಿ ಅರ್ಧ ಪೆಡಲ್ ತುಳಿಯಲು ಅವಳ ಮೊಣಕಾಲಿನಿಂದ ಆಗದು. ಬುಧವಾರ ಬಿಲ್ಲೆಗಳು ಸತ್ತದ್ದು ಹೀಗೆಯೇ.

ಓಡಿಹೋಗಿ ಸೀಟಿಗೆ ಕೈ ಹಾಕಿದೆ.

"ಮುಟ್ಬೇಡ" ಎಂದಳು. "ಇವತ್ತು ತಳ್ತೀಯ, ದಿನಾ ಬಂದು ತಳ್ತೀಯಾ?"

ಕೈ ತೆಗೆದೆ. ಡಬ್ಬಿಯ ಮೇಲೆ ಅಂಗೈ ಇಟ್ಟೆ. ಹೊಲಿಗೆ ಕೋಣೆಯ ಇಸ್ತ್ರಿಯಷ್ಟೇನೂ ಸುಡುತ್ತಿರಲಿಲ್ಲ; ಕೈ ಇಡಬಹುದಾದಷ್ಟು ಬಿಸಿ. ಮೂಸಿದೆ. ಸುಟ್ಟ ವಾಸನೆಯಿಲ್ಲ. ಬರೆದ ಲೆಕ್ಕವೆಲ್ಲ ಸರಿಯಿದೆ ಎಂದು ತಲೆ ಹೇಳುತ್ತಿತ್ತು. ಎದೆ ಮಾತ್ರ, ಬೇಲಿ ನೆನಪಿದೆಯೇನೋ, ಎನ್ನುತ್ತಿತ್ತು. ಹೆದರಿದ್ದೆ, ಸುಳ್ಳೇಕೆ ಹೇಳಲಿ. 'ಸಾಕು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು; ಅಕ್ಕ ಇಳಿದು, ಸೈಕಲ್ಲನ್ನು ತಿರುಗಿಸಿ, ಸೋಮವಾರ ಕೌಂಟರಿಗೆ ಹೋಗುತ್ತಿದ್ದಳು.

ಅವಳು ಒಂದು ಕಾಲು ನೆಲಕ್ಕೂರಿ ನನ್ನ ಮುಖ ನೋಡುತ್ತಿದ್ದಳು. "ಏನಾದ್ರೂ ಹೇಳೋ ಪುಟ್ಟ. ಗಂಟೆ ಎಂಟಾಗ್ತಿದೆ."

"ಬಿಡು" ಎಂದೆ.

ಅವಳ ಮುಖ ಬಾಡಿತು. "ಯಾವ ಬಿಡು?"

"ಗಾಡಿ ಬಿಡು ಅಕ್ಕಾ."

ಅವಳು ಬ್ರೇಕು ಸಡಿಲಿಸಿ ಹಿಡಿಕೆಯನ್ನು ಪೂರ್ತಿ ತಿರುಗಿಸಿದಳು, ಬುಧವಾರದಂತೆಯೇ. ಮೋಟಾರು ಒಮ್ಮೆ ಮುಕ್ಕಿರಿಯಿತು. ಡಬ್ಬಿ ತನ್ನ ಮಿತಿಯಷ್ಟನ್ನು ಕೊಟ್ಟಿತು, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ಚಕ್ರ ಗೇಣು ಸರಿಯಿತು, ಮೊಳ ಸರಿಯಿತು, ಆಮೇಲೆ ಉರುಳಿತು. ಬೀರುವಿನವರು ದಾರಿ ಬಿಟ್ಟು ಗೋಡೆಗೆ ಒರಗಿ ನಿಂತರು.

ನನಗೆ ಮುಂದೆ ಹತ್ತಲಾಗಲಿಲ್ಲ. ಅಲ್ಲೇ ಬೀರುವಿನ ಪಕ್ಕ ಕೂತುಬಿಟ್ಟೆ. ಎಂಟು ಹೊಡೆಯುವ ಮೊದಲೇ, ಡಾಕ್ಟರಮ್ಮ ಕಾಯುತ್ತಿದ್ದ ಮೇಲ್ಬೀದಿಯಿಂದ ಸೈಕಲ್ ಗಂಟೆ ಕೇಳಿಸಿತು, ಒಂದು ಸಲ, ಎರಡು ಸಲ. ಹಿಂದೆಯೇ ಯಾರದೋ ಮನೆಯೊಳಗಿನಿಂದ ಮುದಿ ಗಂಟಲೊಂದು ಗದರಿತು: "ಎಷ್ಟೊತ್ತಮ್ಮಾ ಬರೋದು? ಬೆನ್ನು ಉರೀತಿದೆ!"

"ಬಂದೆ ಮೇಷ್ಟ್ರೇ, ಬಂದೆ" ಎಂದಳು ಅಕ್ಕ.