ತಾನೇ ಇಳಿದ ಊರು

ಬೆಚ್ಚಗಿನ ನೀರನ್ನು ಚೊಂಬಿನಲ್ಲಿ ತೆಗೆದು ಭವ್ಯ ತುಂಗಮ್ಮನ ತಲೆಗೆ ಮೆಲ್ಲಗೆ ಸುರಿದಳು. ಕಣ್ಣಿಗೆ ನೀರಿಳಿಯದಂತೆ ಹಣೆಗೆ ಅಂಗೈ ಅಡ್ಡ ಹಿಡಿದಳು. ಆ ಕಣ್ಣು ಇನ್ನು ಉರಿಯುವುದಿಲ್ಲ ಎಂಬುದು ನೆನಪಾದರೂ ಕೈ ತೆಗೆಯಲಿಲ್ಲ. ಜಯಪುರದ ಸುತ್ತ ಕಾಫಿ ಹೂ ಬಿಟ್ಟ ಬೆಳಗು. ಗಾಳಿಯ ತುಂಬ ಅದೇ ಘಮ. ಎಲ್ಲರ ಮಾತೂ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು.

“ಹಿರೇಕೊಡಿಗೆಯಿಂದ ತಮ್ಮ ಬಂದಿದಾನೆ ಕಣೆ,” ಎಂದಳು ಪಕ್ಕದ ಮನೆಯ ಶಂಕರಮ್ಮ. “ಜೀಪ್ ತಂದಿದಾನೆ. ಅವರ ಜಾಗದಲ್ಲೇ ಸುಡ್ತಾರಂತೆ.”

ತುಂಗಮ್ಮನಿಗೊಬ್ಬ ತಮ್ಮನಿದ್ದಾನೆಂದು ಊರಿಗೆ ಗೊತ್ತಾದದ್ದೇ ಈಗ. ಬಸ್‌ಸ್ಟ್ಯಾಂಡಿನ ಪಕ್ಕ ಕೂತು ಎಷ್ಟೋ ವರ್ಷ ರವಿಕೆ ಹೊಲಿದ ಹೆಂಗಸು, ಊರಿಗೆ ಅವಳು ಅಷ್ಟೇ. ಕೆಲಸ ಕೊಡಿಸುತ್ತೇನೆಂದು ಕರೆದೊಯ್ದವನು ಎಳೆ ಹುಡುಗಿಯಾಗಿದ್ದ ಅವಳನ್ನು ದೂರದ ಶಹರದಲ್ಲಿ ಮಾರಿದ್ದು, ಪೊಲೀಸರು ಬಿಡಿಸಿ ತಂದಾಗ ಅಪ್ಪ ಮನೆಗೆ ಸೇರಿಸದೇ ಹೋದದ್ದು ಇಲ್ಲಿ ಭವ್ಯಳೊಬ್ಬಳಿಗೇ ಗೊತ್ತು.

*

ಭವ್ಯಳನ್ನೂ ಹಾಗೆಯೇ ಬಿಡಿಸಿ ತಂದಿದ್ದರು. ಇಟ್ಟ ಆಶ್ರಮದಲ್ಲಿ ಎಲ್ಲರೂ ಅವಳ ಪರವಾಗಿ ತೀರ್ಮಾನ ಮಾಡುವವರೇ. ಸೋದರಮಾವ ಮದುವೆ ಎಂದ. ಆಶ್ರಮದ ಮೇಡಂ ತರಬೇತಿ ಎಂದರು. ಒಂದು ಮಧ್ಯಾಹ್ನ, ಬಿಡಿಸಿ ತಂದ ಹುಡುಗಿಯರನ್ನು ನೋಡಲು ಆಗಾಗ ಬರುತ್ತಿದ್ದ ತುಂಗಮ್ಮ ಎದುರಿಗೆ ಬಂದು ಕೂತಳು.

“ನಿಂಗೆ ಎಂತ ಬೇಕು?”

ತುಂಗಮ್ಮ ಮತ್ತೆ ಕೇಳಲಿಲ್ಲ, ಎದ್ದೂ ಹೋಗಲಿಲ್ಲ. ಕಿಟಕಿಯ ಬಿಸಿಲು ಗೋಡೆ ಹತ್ತಿ ಮಾಸುವವರೆಗೆ ಕೂತೇ ಇದ್ದಳು.

“ನಿದ್ದೆ,” ಎಂದಳು ಭವ್ಯ ಕೊನೆಗೆ. “ಯಾರೂ ಎಬ್ಬಿಸದೇ ಇರೋ ನಿದ್ದೆ.”

“ನಮ್ಮನೇಲಿ ಮಲಗು. ಎದ್ದ ಮೇಲೆ ಇನ್ನೆಂತಾದ್ರೂ ಬೇಕನ್ಸಿದ್ರೆ ಹೇಳು.”

ಬೇಕೆನಿಸಿದ್ದು ಎಷ್ಟೋ ತಿಂಗಳ ಮೇಲೆ. ಮಾರಿದವನ ವಿರುದ್ಧ ಸಾಕ್ಷಿ ಹೇಳಬೇಕು, ಆದರೆ ಅವನ ಮುಖ ಕಾಣಬಾರದು. ತುಂಗಮ್ಮ ವಕೀಲರ ಬೆನ್ನು ಬಿದ್ದು ಕೋರ್ಟಿನಲ್ಲಿ ಪರದೆ ಕಟ್ಟಿಸಿದಳು. ವಾಪಸು ಬರುವಾಗ ಭವ್ಯ ಕೇಳಿದಳು, “ನೀವು ನಿಮ್ಮೂರಿಗೆ ಹೋಗೋದೇ ಇಲ್ವಾ ದೊಡ್ಡಮ್ಮ?”

“ಇದೇ ನನ್ನೂರು. ಬೇರೆ ಕಡೆಗೆಲ್ಲ ಯಾರೋ ಕರ್ಕೊಂಡು ಹೋದ್ರು, ಯಾರೋ ಬಿಟ್ಟು ಬಂದ್ರು. ಜಯಪುರದಲ್ಲಿ ಮಾತ್ರ ನಾನೇ ಬಸ್ಸಿಳಿದೆ. ಸತ್ರೂ ಇಲ್ಲೇ ಕಣೆ.”

*

“ಬಿಸಿಲೇರ್ತಾ ಬಂತು, ಎತ್ತಿ,” ಎಂದ ತಮ್ಮ ಪುಟ್ಟಪ್ಪ. ತಲೆ ಪೂರಾ ನೆರೆತಿತ್ತು.

ಭವ್ಯ ಹೊಸ್ತಿಲಲ್ಲಿ ನಿಂತಳು. “ಅವರು ಅಲ್ಲಿಗೆ ಬರಲ್ಲ.”

“ನೀನ್ಯಾರು ಹೇಳೋಕೆ? ನಮ್ಮ ಮನೆ ಹೆಣ್ಣುಮಗಳು ಅವಳು.”

ಇವನಿಗೆ ತಿಳಿಯಬೇಕು, ಊರಿಗೆ ತಿಳಿಯಬಾರದು. ಭವ್ಯ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು, “ಒಂದ್ಸಲ ಅವರನ್ನ ಕೇಳದೇ ಸಾಗಿಸಿದ್ರು. ಇನ್ನೊಂದ್ಸಲ ಬೇಡ. ಇಲ್ಲೇ ಅಂತ ಅವರೇ ಹೇಳಿದ್ದು.”

ಪುಟ್ಟಪ್ಪನ ಮುಖದ ಬಣ್ಣ ಇಳಿಯಿತು.

“ಅಕ್ಕನೇ ಹೇಳಿದ್ಲಾ?”

“ಹ್ಞೂಂ.”

ಅವನು ಅಂಗಳ ದಾಟಿ ಜೀಪಿನವನಿಗೆ, “ನೀನು ಹೋಗು ಮಾರಾಯ,” ಎಂದು ಬಂದು ಚಟ್ಟಕ್ಕೆ ಹೆಗಲು ಕೊಟ್ಟ.

*

ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿ ಇಲ್ಲವೆಂದು ಶಂಕರಮ್ಮ ದಾರಿಯುದ್ದಕ್ಕೂ ಗೊಣಗಿದಳು. ಗೊಣಗುತ್ತಲೇ ಭವ್ಯಳ ಕೈ ಹಿಡಿದು ಬಂದಳು. ಅಲ್ಲಿ ಮತ್ತಿಮರದ ನೆರಳಲ್ಲಿ ಆಗಲೇ ಕೆಲವು ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದರು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಬಸ್ಸುಗಳಲ್ಲಿ ಒಬ್ಬೊಬ್ಬರೇ ಬಂದವರು.

“ಯಾರೇ ಇವರೆಲ್ಲ?” ಎಂದಳು ಶಂಕರಮ್ಮ.

“ದೊಡ್ಡಮ್ಮನ ಕಡೆಯೋರು,” ಎಂದಳು ಭವ್ಯ.

ಪುಟ್ಟಪ್ಪ ಬೆಂಕಿಯ ಕೊಳ್ಳಿಯನ್ನು ಅವಳೆಡೆಗೆ ಚಾಚಿದ. “ನೀನಿಡ್ತೀಯಾ?”

ಭವ್ಯ ಇಟ್ಟಳು. ಕಟ್ಟಿಗೆ ಚಟಪಟಿಸಿ ಹತ್ತಿಕೊಂಡಿತು. ಹೊಗೆ ಕಾಫಿ ಹೂವಿನ ಘಮದೊಳಗೆ ನಿಧಾನ ಕರಗುತ್ತ ಮರದ ಕಡೆ ಸರಿಯಿತು. ಹೊಗೆ ತಿಳಿಯಾದಾಗ ಅಂಚಿಗೆ ನಿಂತಿದ್ದವಳು ಮುಖದ ಸೆರಗನ್ನು ಕೆಳಗೆ ಬಿಟ್ಟಿದ್ದಳು. ಪಕ್ಕದವಳು ಅವಳನ್ನು ನೋಡಿ ತಾನೂ ಬಿಟ್ಟಳು. ಆಮೇಲೆ ಇನ್ನೊಬ್ಬಳು. ನಡುಹಗಲ ಬಿಸಿಲಿಗೆ, ಊರಿನ ಗಂಡಸರೆಲ್ಲ ನೋಡುತ್ತಿದ್ದಂತೆ, ಬರಿಯ ಮುಖಗಳು ಉರಿಯ ಕಡೆ ತಿರುಗಿ ನಿಂತಿದ್ದವು.